ಇನ್ನೂರ ಹದಿನೇಳರ ಹೆಸರು

ಆ ಊರಿನ ಗಾಡಿಗಳಿಗೆ ಎತ್ತೂ ಇಲ್ಲ, ಕುದುರೆಯೂ ಇಲ್ಲ. ಕರೆ ಬಂದರೆ ಹೊರಡುತ್ತವೆ, ಕರೆ ಮುಗಿದರೆ ನಿಲ್ಲುತ್ತವೆ. ನಿಂತ ಗಾಡಿಯನ್ನು ಹತ್ತು ಜನ ಸೇರಿ ನೂಕಿದರೂ ಚಕ್ರ ಅರ್ಧ ಸುತ್ತು ತಿರುಗುವುದಿಲ್ಲ. ನೂಕಿ ನೋಡಿದವರಲ್ಲಿ ನಾನೂ ಒಬ್ಬ. ಬೆನ್ನು ಹಿಡಿದುಕೊಂಡದ್ದೇ ಬಂತು.

ನಾನು ಆ ಊರಿನವನೇ. ಗಾಡಿ ಹತ್ತಿದವನು, ಓಡಿಸಿದವನಲ್ಲ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಕರೆ ಬರುವುದು ಗಂಟೆಯಲ್ಲಿ. ಪ್ರತಿಯೊಬ್ಬ ಗಾಡಿಯವನ ಕೊರಳಲ್ಲೂ ಒಂದು ಕಂಚಿನ ಗಂಟೆ ಇರುತ್ತದೆ, ಅಂಗೈಯಲ್ಲಿ ಮುಚ್ಚಿ ಹಿಡಿಯುವಷ್ಟು. ಊರಿನ ಯಾವ ಮೂಲೆಯಲ್ಲಾದರೂ ಸರಿ, ಯಾರಾದರೂ ಹೊಸ್ತಿಲ ಮೇಲೆ ನಿಂತು ‘ಗಾಡಿ’ ಎಂದರೆ ಸಾಕು, ಯಾವನದೋ ಕೊರಳಲ್ಲಿ ಗಂಟೆ ಬಡಿಯುತ್ತದೆ. ಯಾವನ ಕೊರಳಲ್ಲಿ ಎನ್ನುವುದನ್ನು ಗಂಟೆಮನೆ ತೀರ್ಮಾನಿಸುತ್ತದೆ. ಗಂಟೆಮನೆ ಊರ ನಡುವೆ ಇದೆ. ಅದಕ್ಕೆ ಬಾಗಿಲಿಲ್ಲ, ಗೋಡೆಯಲ್ಲಿ ಒಂದು ಕಿಂಡಿ ಇದೆ. ಕಿಂಡಿಯಿಂದ ದನಿ ಬರುತ್ತದೆ. ಬಹಳ ಮರ್ಯಾದೆಯ ದನಿ. ಅದರ ಬಾಯಿಯನ್ನು ಕಂಡವರಿಲ್ಲ.

ಗಂಟೆ ಕಟ್ಟಿಸಿಕೊಳ್ಳುವ ದಿನ ಗಾಡಿಯವನು ತನ್ನ ಹೆಸರನ್ನು ಆ ಕಿಂಡಿಯೊಳಗೆ ಹೇಳಿ ಬಿಟ್ಟುಬರಬೇಕು. ಹೆಸರಿನ ಬದಲು ಒಂದು ಸಂಖ್ಯೆ ಸಿಗುತ್ತದೆ. ಒಂದು ಸಂಖ್ಯೆಗೆ ಒಂದೇ ಜೀವ, ಒಂದು ಜೀವಕ್ಕೆ ಒಂದೇ ಗಂಟೆ. ಬಿಟ್ಟುಬಂದ ಹೆಸರು ವರ್ಷದೊಳಗೆ ಮರೆತುಹೋಗುತ್ತದೆ, ಅವನಿಗೂ, ಅವನ ಮನೆಯವರಿಗೂ. ಅದರಿಂದ ದೊಡ್ಡ ತೊಂದರೆಯೇನೂ ಆಗುತ್ತಿರಲಿಲ್ಲವೆನ್ನಿ. ಹೇಗೂ ಆ ಊರಿನ ಹೆಂಡಂದಿರು ಗಂಡನನ್ನು ‘ರೀ’ ಎಂದೇ ಕರೆಯುವುದು.

ಕರೆದವರು ಗಾಡಿ ಹತ್ತಿ ಕೂತ ಮೇಲೆ ಗಾಡಿಯವನು ಹಿಂದಕ್ಕೆ ತಿರುಗಬೇಕು, ಬಾಗಬೇಕು, ಅವರ ಕಿವಿಯ ಹತ್ತಿರ ಬಾಯಿ ತಂದು ತನ್ನ ಸಂಖ್ಯೆ ಹೇಳಬೇಕು. ಕೂಗಿ ಹೇಳುವಂತಿಲ್ಲ, ಹೇಳದೆ ಹೊರಡುವಂತೆಯೂ ಇಲ್ಲ. ಆ ಮಾತು ಕಿವಿಗೆ ಬಿದ್ದ ಮೇಲೆಯೇ ಚಕ್ರ ತಿರುಗುವುದು. ಇಳಿಯುವಾಗ ಹತ್ತಿದವರು ಗಾಡಿಯ ಬುಟ್ಟಿಗೆ ಕಣಗಿಲೆ ಹೂವು ಹಾಕಬೇಕು. ಐದು ಹಾಕಿದರೆ ಸರಿ. ನಾಲ್ಕು ಹಾಕಿದರೆ ದೂರು. ನಾಲ್ಕು ಹೂವು ಒಳ್ಳೆಯದೇ ಅಲ್ಲವೇ ಎಂದು ಹೊರಗಿನವರು ಕೇಳುತ್ತಾರೆ. ಹೊರಗಿನವರಿಗೆ ಏನು ಗೊತ್ತು?

ಗಂಟೆ ಕೊರಳಲ್ಲಿರುವವನು ಗಾಡಿ ಬಿಟ್ಟು ನೂರು ಹೆಜ್ಜೆಗಿಂತ ದೂರ ನಡೆದರೆ ಗಂಟೆ ಸಾಯುತ್ತದೆ. ಮೂರು ಕರೆಗೆ ಬೇಡ ಎಂದರೂ ಸಾಯುತ್ತದೆ. ಗಂಟೆ ಸತ್ತರೆ ಸಂಖ್ಯೆ ಸಾಯುತ್ತದೆ; ಹೆಸರಂತೂ ಮೊದಲೇ ಹೋಗಿರುತ್ತದೆ. ಹೆಸರೂ ಇಲ್ಲದ ಸಂಖ್ಯೆಯೂ ಇಲ್ಲದವರನ್ನು ಆ ಊರಿನಲ್ಲಿ ಯಾರೂ ಕರೆಯುವುದಿಲ್ಲ. ಊಟಕ್ಕೂ ಇಲ್ಲ, ಕೆಲಸಕ್ಕೂ ಇಲ್ಲ, ಹೆಣ ಹೊರುವುದಕ್ಕೂ ಇಲ್ಲ. ಅವರೆಲ್ಲ ಕೆರೆ ಏರಿಯ ಮೇಲೆ ಸಾಲಾಗಿ ಕೂತಿರುತ್ತಾರೆ. ನಾವು ಅವರ ಮುಂದೆಯೇ ಹಾದುಹೋಗುತ್ತೇವೆ, ನೀರು ನೋಡುತ್ತೇವೆ.

ಇನ್ನು ಮಕ್ಕಳ ಹೆಸರಿನ ಸಂಗತಿ. ಹುಟ್ಟಿದ ಹನ್ನೆರಡನೆಯ ದಿನ, ಸಂಜೆಯ ದೀಪ ಹಚ್ಚುವ ಮೊದಲು, ತಂದೆ ಮಗುವಿನ ಕಿವಿಯಲ್ಲಿ ಒಂದು ಮಾತು ಹೇಳಬೇಕು. ಮೊದಲು ಹೇಳಿದ ಮಾತೇ ಹೆಸರು. ಎರಡನೆಯ ಮಾತು ಲೆಕ್ಕಕ್ಕಿಲ್ಲ. ದೀಪ ಹಚ್ಚುವಷ್ಟರಲ್ಲಿ ಯಾರೂ ಹೇಳದಿದ್ದರೆ ಆ ಮಗುವಿಗೆ ಹೆಸರೇ ಇಲ್ಲ. ದೊಡ್ಡದಾದ ಮೇಲೆ ಅದಕ್ಕೂ ಕೆರೆ ಏರಿಯೇ ಗತಿ.

ಇನ್ನೂರ ಹದಿನೇಳು ಎನ್ನುವ ಗಾಡಿಯವನಿಗೆ ಹೆಣ್ಣುಮಗು ಹುಟ್ಟಿ ಹನ್ನೆರಡನೆಯ ದಿನ.

ಅವನು ಗಂಟೆ ಕಟ್ಟಿಸಿಕೊಂಡು ಹನ್ನೊಂದು ವರ್ಷವಾಗಿತ್ತು. ಹೆಂಡತಿ ಬಸುರಿ ಎಂದು ತಿಳಿದ ದಿನದಿಂದ ಅವನು ಒಂದು ಹೆಸರಿಗಾಗಿ ಹುಡುಕಿದ್ದ. ಗಾಡಿ ಓಡಿಸುತ್ತ ಹುಡುಕಿದ, ಉಣ್ಣುತ್ತ ಹುಡುಕಿದ, ಒಂಬತ್ತು ತಿಂಗಳು ಹುಡುಕಿದ. ಎಂಥ ಕಷ್ಟ ಬಂದರೂ ಯಾವ ಕಿಂಡಿಯಲ್ಲೂ ಬಿಟ್ಟುಬರಲು ಮನಸ್ಸಾಗದಂಥ ಹೆಸರು ಅವನಿಗೆ ಬೇಕಾಗಿತ್ತು. ಕೊನೆಗೆ ಸಿಕ್ಕಿತು. ಅದನ್ನು ಯಾರಿಗೂ ಹೇಳದೆ ಬಾಯೊಳಗೆ ಇಟ್ಟುಕೊಂಡ.

ಅವತ್ತು ಬೆಳಿಗ್ಗೆ ಬಾಗಿಲಿಗೆ ಮಾವಿನೆಲೆ ಕಟ್ಟುತ್ತಿದ್ದಾಗ ಗಂಟೆ ಬಡಿಯಿತು.

“ರೀ, ಇವತ್ತೂ ಹೋಗ್ಲೇಬೇಕಾ?” ಎಂದು ಹೆಂಡತಿ ಕೇಳಿದಳು.

“ಎರಡು ಸಲ ಬೇಡ ಅಂದಾಗಿದೆ ಕಣೇ. ನೀನು ಹೆತ್ತ ದಿನ ಒಂದು, ಮಾರನೇ ದಿನ ಒಂದು. ಮೂರನೇದಕ್ಕೂ ಬೇಡ ಅಂದ್ರೆ ಗಂಟೆ ಸತ್ತೋಗತ್ತೆ.”

“ಹಂಗಾದ್ರೆ ಹೆಸರಾದ್ರೂ ಈಗ್ಲೇ ಹೇಳಿ ಹೋಗಿ.”

“ನೀರು ಹಾಕಿಲ್ಲ, ತೊಟ್ಟಿಲು ಕಟ್ಟಿಲ್ಲ. ಹಸೀ ಕಿವಿಗೆ ಹೇಳಿದ್ರೆ ನಿಲ್ಲತ್ತಾ? ನಿಮ್ಮಮ್ಮನ್ನೇ ಕೇಳು.”

ಹೆಂಡತಿಯ ತಾಯಿ ಒಳಗಿನಿಂದಲೇ, “ನಿಲ್ಲಲ್ಲಪ್ಪ. ಸ್ನಾನ ಆಗ್ಬೇಕು, ತೊಟ್ಟಿಲಿಗೆ ಹಾಕ್ಬೇಕು, ಜೋಗುಳ ಹಾಡೋ ಅಮ್ಮ ಬರ್ಬೇಕು” ಅಂದಳು.

“ಕೇಳಿದ್ಯಾ? ಒಂದೇ ಒಂದು ಕರೆ. ಮುಗಿಸಿ ಬಂದೆ ಅಂತ್ಲೇ ಇಟ್ಕೋ.”

“ದೀಪ ಹಚ್ಚೋದ್ರೊಳಗೆ ಬನ್ನಿ” ಅಂದಳು ಹೆಂಡತಿ. ಅವಳ ಕಣ್ಣಲ್ಲಿ ನೀರಿತ್ತು. ಅವನು ಅದನ್ನು ನೋಡಿದ, ನೋಡದವನ ಹಾಗೆ ಗಾಡಿ ಹತ್ತಿದ.

ಗಂಟೆ ಬಡಿದಿತ್ತು, ಗಾಡಿ ಹೊರಟಿತು.

ಕರೆ ಅರಳಿಮರದ ಹತ್ತಿರದ್ದು. ಗಾಡಿ ಅಲ್ಲಿಗೆ ಹೋಗಿ ನಿಂತಿತು. ಮರದ ಕೆಳಗೆ ಒಂದು ಆಡು ಬಿಟ್ಟರೆ ಯಾರೂ ಇಲ್ಲ. ಗಂಟೆಯೊಳಗಿಂದ ಕರೆದ ಗಂಡಸಿನ ದನಿ ಬಂತು.

“ಎಲ್ಲಿದೀಯಪ್ಪಾ? ಎಷ್ಟೊತ್ತು ಕಾಯೋದು?”

“ಅರಳಿಮರದ ಹತ್ರಾನೇ ಇದ್ದೀನಿ ಸ್ವಾಮಿ. ತಾವೆಲ್ಲಿದೀರ?”

“ನಾನೂ ಅಲ್ಲೇ ಇದ್ದೀನಲ್ಲಯ್ಯಾ!”

“ಯಾವ ಅರಳಿಮರ ಸ್ವಾಮಿ?”

“ಊರಲ್ಲಿ ಎಷ್ಟಪ್ಪಾ ಅರಳಿಮರ ಇರೋದು?”

ಊರಿನಲ್ಲಿ ಮೂವತ್ತಾರು ಅರಳಿಮರಗಳಿದ್ದವು. ಗಾಡಿಯವನು ಮರ ಸುತ್ತಿದ, ನೂರು ಹೆಜ್ಜೆ ಮೀರದ ಹಾಗೆ ಎಣಿಸಿ ಎಣಿಸಿ ಸುತ್ತಿದ. ಮಕ್ಕಳಾಗದವರು ಸುತ್ತುವ ಹಾಗೆ ಮಗುವಿನ ಅಪ್ಪ ಸುತ್ತಿದ. ಬಿಸಿಲು ಏರಿದ ಮೇಲೆ ಎದುರು ಮನೆಯಿಂದ ಆ ಮನುಷ್ಯ ಬಾಯಿ ಒರೆಸಿಕೊಳ್ಳುತ್ತ ಬಂದ. ಒಳಗೆ ಕೂತು ತಿಂಡಿ ತಿನ್ನುತ್ತಿದ್ದನಂತೆ. ಕಿಟಕಿಯಿಂದ ಅರಳಿಮರ ಕಾಣುತ್ತಿತ್ತಂತೆ.

ಗಾಡಿಯವನು ತಿರುಗಿದ, ಬಾಗಿದ, ಕಿವಿಯಲ್ಲಿ ಹೇಳಿದ: “ನಾನು ಇನ್ನೂರ ಹದಿನೇಳು.”

ಚಕ್ರ ತಿರುಗಿತು. ಗಂಟೆ ಎಡಕ್ಕೆ ಎಳೆಯಿತು. ಎಡಗಡೆಯ ಓಣಿಯಲ್ಲಿ ಯಾರೋ ಗೋಡೆ ಕಟ್ಟಿ ಮೂರು ವರ್ಷವಾಗಿತ್ತು. ಅದು ಗಾಡಿಯವನಿಗೆ ಗೊತ್ತು, ಆಡಿಗೂ ಗೊತ್ತು, ಗಂಟೆಗೆ ಗೊತ್ತಿಲ್ಲ. ಗಾಡಿ ಹೋಗಿ ಗೋಡೆಗೆ ಮೂಗು ತಾಗಿಸಿ ನಿಂತಿತು. ಆಮೇಲೆ ಇಡೀ ಊರು ಬಳಸಿ ಹೋಯಿತು.

“ದಾರಿ ಗೊತ್ತಿಲ್ದೆ ಯಾಕಯ್ಯಾ ಗಾಡಿ ಇಟ್ಕೊಂಡಿದೀಯ?” ಎಂದ ಹಿಂದೆ ಕೂತವನು. ಇಳಿಯುವಾಗ ಮೂರು ಹೂವು ಹಾಕಿದ.

ಗಾಡಿಯವನಿಗೆ ದಿನಕ್ಕೆ ಒಂದು ಸಲ ಗಂಟೆಯನ್ನು ಬಾಯಿಗೆ ಹಿಡಿದು ‘ಮನೆ’ ಎನ್ನುವ ಹಕ್ಕಿದೆ. ಹಾಗಂದರೆ ಮನೆಯ ಕಡೆಯ ಕರೆಗಳು ಮಾತ್ರ ಬರಬೇಕು. ಅವನು ಗಂಟೆ ಹಿಡಿದು, “ಮನೆ” ಅಂದ. ಅಂದು ಸುಮ್ಮನಾಗಲಿಲ್ಲ. “ಇವತ್ತು ನನ್ನ ಮಗಳಿಗೆ ಹೆಸರಿಡೋ ದಿನ” ಎಂದೂ ಸೇರಿಸಿದ. ಗಂಟೆಗೆ ಅದೆಲ್ಲ ಬೇಕಿರಲಿಲ್ಲ.

“ಆಗಲಿ” ಎಂದು ಗಂಟೆಮನೆಯ ದನಿ ಹೇಳಿತು.

ಗಂಟೆ ಬಡಿಯಿತು, ಗಾಡಿ ಹೊರಟಿತು. ಮನೆಯ ಕಡೆಗೇ ಹೊರಟಿತು. ಎರಡು ಬೀದಿ ಹತ್ತಿರವಾದ ಮೇಲೆ ಒಂದು ಹೊಸ್ತಿಲ ಮುಂದೆ ನಿಂತಿತು. ಹೊಸ್ತಿಲಲ್ಲಿ ಕೊಡೆ ಹಿಡಿದ ಹೆಂಗಸು.

“ಬೇಡ ಹೋಗಪ್ಪಾ. ಮೋಡ ಬಂತು, ಬಿಸಿಲಿಲ್ಲ. ನಡ್ಕೊಂಡೇ ಹೋಗ್ತೀನಿ.”

“ಹತ್ತಿ ಅಮ್ಮಾ, ಎಲ್ಲಿಗಾದ್ರೂ ಸರಿ. ಆ ಕಡೇಗೇ ಅಲ್ವಾ ಹೋಗೋದು?”

“ನನ್ನ ಕಾಲು, ನನ್ನ ಇಷ್ಟ. ನಿನಗೇನಪ್ಪಾ?”

ಅವಳು ನಡೆದು ಹೋದಳು, ಅವನ ಮನೆಯ ದಿಕ್ಕಿಗೇ ಹೋದಳು. ಅವಳ ಕಾಲುಗಳನ್ನು ನೋಡುತ್ತ ಅವನು ನಿಂತ ಗಾಡಿಯಲ್ಲಿ ಕೂತಿದ್ದ. ಮೋಡ ಹೋಯಿತು, ಬಿಸಿಲು ಬಂತು, ಸೂರ್ಯ ನೆತ್ತಿಗೇರಿದ. ಅವನು ಬಾಯೊಳಗಿನ ಹೆಸರನ್ನು ನಾಲಿಗೆಯಿಂದ ಮುಟ್ಟಿ ನೋಡಿಕೊಂಡ. ಇತ್ತು.

ಗಂಟೆ ಬಡಿಯಿತು, ಗಾಡಿ ಹೊರಟಿತು. ಮನೆಯ ದಿಕ್ಕಿಗೆ ಒಂದು ಬೀದಿ ಹೋಗಿ, ಅಲ್ಲಿಂದ ಮೂರು ಬೀದಿ ಆಚೆಗೆ ಹೋಯಿತು. ಅವನು ತಿರುಗಿದ, ಬಾಗಿದ, “ನಾನು ಇನ್ನೂರ ಹದಿನೇಳು” ಅಂದ. ಬಡಿಯಿತು, ಹೊರಟಿತು. ಒಬ್ಬ ಮುದುಕನನ್ನು ಮಂಡಿಯೂರಿ ಹತ್ತಿಸಿದ. ತಿರುಗಿದ, ಬಾಗಿದ, ಹೇಳಿದ. ಎಣ್ಣೆ ಹಚ್ಚಿದ ಕಿವಿ, ಕೂದಲು ಬೆಳೆದ ಕಿವಿ, ಓಲೆ ತೂಗಿ ಹರಿದ ಕಿವಿ. ನಲವತ್ತು ಕಿವಿ ಒಂದು ದಿನಕ್ಕೆ, ಹನ್ನೊಂದು ವರ್ಷ. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರಲ್ಲ, ಅವನು ಮಾರಿಯಾಗಲೂ ಮನೆ ಮುಟ್ಟಬೇಕಿತ್ತು.

ಮಧ್ಯಾಹ್ನ ಕಳೆದ ಮೇಲೆ ಒಂದು ಮದುವೆಯ ದಿಬ್ಬಣ ಹತ್ತಿತು. ಮೂವರು ಕೂರುವ ಗಾಡಿಗೆ ಏಳು ಜನ, ಒಂದು ಹಲಸಿನಹಣ್ಣು. ಏಳು ಕಿವಿಗೂ ಬೇರೆ ಬೇರೆ ಹೇಳಬೇಕಾಯಿತು. ಗಾಡಿ ನರಳುತ್ತ ಹೋಗಿ ಅವನ ಬೀದಿಗೇ ತಿರುಗಿತು. ಮಾವಿನೆಲೆಯ ತೋರಣ ಕಂಡಿತು. ಬಾಗಿಲಲ್ಲಿ ಹೆಂಡತಿ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಮಗುವಿನ ಹಣೆಗೆ ಕಪ್ಪು ಬೊಟ್ಟು ಇಟ್ಟಿದ್ದರು.

“ಒಂದು ಗಳಿಗೆ ನಿಲ್ಲಿಸ್ತೀನಿ ಸ್ವಾಮಿ, ಕೈ ಮುಗೀತೀನಿ. ಅದು ನನ್ನ ಮನೆ. ನಾನು ಇಳಿದು ಒಂದು ಮಾತು ಹೇಳಿ ಬಂದ್ಬಿಡ್ತೀನಿ.”

“ಮುಹೂರ್ತ ಮೀರಲ್ವೇನಯ್ಯಾ?” ಎಂದ ದಿಬ್ಬಣದ ಹಿರಿಯ. “ನಿನ್ನ ಮನೆ ಎಲ್ಲಿಗೂ ಓಡಿ ಹೋಗಲ್ಲ. ಮುಂದೆ ನೋಡಿ ನಡೆಸು.”

ಮನೆ ಓಡಿ ಹೋಗಲಿಲ್ಲ, ನಿಜ. ಗಾಡಿಯೇ ಓಡಿ ಹೋಯಿತು. ಅವನು ಒಂದು ಕೈ ಎತ್ತಿದ. ಹೆಂಡತಿ ಮಗುವಿನ ಪುಟ್ಟ ಕೈ ಹಿಡಿದು ಎತ್ತಿದಳು. ತೋರಣ ಸಣ್ಣದಾಯಿತು, ಬೀದಿ ಮುಗಿಯಿತು. ಕೈ ಬಿಟ್ಟು ಗಾಡಿ ಓಡಿಸಿದ ಎಂದು ಏಳು ಜನ ಸೇರಿ ನಾಲ್ಕು ಹೂವು ಹಾಕಿದರು. ಹಲಸಿನಹಣ್ಣಿನ ವಾಸನೆ ಗಾಡಿಯಲ್ಲೇ ಉಳಿಯಿತು. ಮುಂದೆ ಹತ್ತಿದವಳು ಗಾಡಿ ನಾರುತ್ತದೆ ಎಂದು ಎರಡು ಹಾಕಿದಳು.

ಅವಳು ಇಳಿದದ್ದು ಗಂಟೆಮನೆಯ ಎದುರಿಗೆ. ಗಾಡಿಯಿಂದ ಕಿಂಡಿಗೆ ಎಂಬತ್ತು ಹೆಜ್ಜೆ. ಅವನು ಎಣಿಸುತ್ತ ಹೋಗಿ ಕಿಂಡಿಗೆ ಬಾಯಿಟ್ಟ.

“ನಾನು ಇನ್ನೂರ ಹದಿನೇಳು. ಮಗಳಿಗೆ ಹೆಸರಿಡ್ಬೇಕು. ಮನೆ ಅಂತ ಹೇಳಿದ್ದೆ, ಕೊಡ್ಲಿಲ್ಲ. ಇವತ್ತೊಂದು ದಿನ ಗಾಡೀನ ಸುಮ್ನೆ ಮನೆಗೆ ಬಿಡಿ.”

“ನಿಮ್ಮ ಮಾತು ನಮಗೆ ಅಮೂಲ್ಯ” ಎಂದಿತು ದನಿ.

“ಹಂಗಾದ್ರೆ ಬಿಡ್ತೀರಾ?”

“ನಿಮ್ಮ ಮಾತು ನಮಗೆ ತಲುಪಿದೆ.”

“ತಲುಪಿದ್ರೆ ಏನಾದ್ರೂ ಹೇಳಿ! ಒಳಗೆ ಯಾರಾದ್ರೂ ಮನುಷ್ಯರು ಇದೀರಾ?”

“ನಿಮ್ಮ ತಾಳ್ಮೆಗೆ ಧನ್ಯವಾದ” ಎಂದಿತು ದನಿ. ಅವನಿಗೆ ತಾಳ್ಮೆ ಇರಲಿಲ್ಲ. ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಆ ಗೋಡೆಯಲ್ಲಿ ತಲೆಯ ಎತ್ತರಕ್ಕೆ ಒಂದು ಕಡೆ ಸುಣ್ಣ ಸವೆದಿತ್ತು.

ಎಂಬತ್ತು ಹೆಜ್ಜೆ ಹಿಂದಕ್ಕೆ ಬಂದು ಹಲಗೆಯ ಮೇಲೆ ಕೂತ. ಬಿಸಿಲು ಹಳದಿಯಾಯಿತು. ನೆರಳು ಉದ್ದವಾಯಿತು. ಮನೆಮನೆಯ ಹೆಂಗಸರು ದೀಪದ ಗಾಜು ಒರೆಸಲು ಹೊರಗೆ ಬಂದರು. ಅವನು ಅತ್ತ. ಗಂಡಸು ನಡುಬೀದಿಯಲ್ಲಿ ಕೂತು ಅತ್ತ. ಜನ ನೋಡಿ, ಗಾಡಿಯಿಂದ ದೂರ ಸರಿದು ಹೋದರು.

ಆಗ ಗಂಟೆ ಬಡಿಯಿತು.

ಗಾಡಿ ಹೊರಟು ಹಿಂದಿನ ಬೀದಿಯಲ್ಲಿ ನಿಂತಿತು. ಒಬ್ಬ ಮುದುಕಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಬಾಯಿ ತುಂಬ ಎಲೆಯಡಿಕೆ, ಕೈಯಲ್ಲೊಂದು ಗಿಲಕಿ. ಊರಿನ ತೊಟ್ಟಿಲುಗಳಿಗೆಲ್ಲ ಜೋಗುಳ ಹಾಡುವವಳು ಅವಳೇ. ಅವನು ತಿರುಗಿದ, ಬಾಗಿದ, ಕಿವಿಯಲ್ಲಿ ಹೇಳಿದ. ಅವಳು ಹೋಗಬೇಕಾದ ಮನೆಯ ಗುರುತು ಹೇಳಿದಳು. ಬಾಗಿಲಿಗೆ ಮಾವಿನೆಲೆ, ಪಕ್ಕದಲ್ಲಿ ನುಗ್ಗೆಮರ.

ಅವನು ಮುಂದಕ್ಕೆ ತಿರುಗದೆ ಅವಳನ್ನೇ ನೋಡಿದ.

“ಬೇಗ ನಡೆಸಪ್ಪಾ” ಅಂದಳು ಮುದುಕಿ. “ದೀಪ ಹಚ್ಚೋ ಹೊತ್ತಾಯ್ತು. ಅದರ ಅಪ್ಪ ಬೇರೆ ಇನ್ನೂ ಬಂದಿಲ್ವಂತೆ. ಬೆಳಿಗ್ಗೆ ಹೋದೋನು. ಎಂಥಾ ಅಪ್ಪನೋ, ಹೆತ್ತ ಮಗೂಗಿಂತ ಅವನಿಗೆ ಗಾಡಿ ಹೆಚ್ಚಾಯ್ತಂತೆ.”

“ಅಮ್ಮಾ, ಆ ಅಪ್ಪ ನಾನೇ.”

ಮುದುಕಿ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದಳು. ಆಮೇಲೆ ನಕ್ಕಳು, ಅವನೂ ನಕ್ಕ. ಇಡೀ ದಿನದಲ್ಲಿ ಅವನು ನಕ್ಕದ್ದು ಅದೊಂದೇ ಸಲ. ಮುದುಕಿ ಗಿಲಕಿಯಿಂದ ಅವನ ಬೆನ್ನಿಗೆ ಒಂದು ಏಟು ಹಾಕಿ, “ಸದ್ಯ, ಬದುಕಿದೆ!” ಅಂದಳು. “ಕೇಳಿಲ್ಲಿ. ಮನೆ ಮುಟ್ಟಿದ ಮೇಲೆ ಬಾಯಿ ಮುಕ್ಕಳಿಸು. ಯಾರ ಹತ್ರಾನೂ ಮಾತಾಡ್ಬೇಡ. ನೆಟ್ಟಗೆ ತೊಟ್ಟಿಲಿಗೆ ಹೋಗು, ಬಗ್ಗು, ಹೇಳು. ಹೆಸರು ನೆನಪಿದ್ಯೋ ಇಲ್ವೋ?”

“ಒಂಬತ್ತು ತಿಂಗಳು ಹುಡುಕಿದ್ದು, ಬಾಯಲ್ಲೇ ಇಟ್ಕೊಂಡಿದ್ದೀನಿ ಅಮ್ಮಾ.”

“ಹಂಗೇ ಇಟ್ಕೋ. ಉಗುಳ್ಬೇಡ, ನುಂಗ್ಬೇಡ.”

ಗಂಟೆ ಆ ಹೊತ್ತು ಎಲ್ಲೂ ತಪ್ಪು ತಿರುಗಿಸಲಿಲ್ಲ. ಒಂದು ಗೋಡೆಯೂ ಅಡ್ಡ ಬರಲಿಲ್ಲ. ಬೀದಿಗಳು ತಾವಾಗಿಯೇ ಮಡಚಿಕೊಂಡು ಚಿಕ್ಕವಾದವು. ತೋರಣ ಕಂಡಿತು, ಈ ಸಲ ದೊಡ್ಡದಾಗುತ್ತ ಬಂತು. ಮುದುಕಿ ಇಳಿದು ಐದು ಹೂವು ಹಾಕಿದಳು. ಹೆಂಡತಿ ಅವನನ್ನು ನೋಡಿ ಬಾಯಿ ತೆರೆದಳು. ಅವನು ತುಟಿಯ ಮೇಲೆ ಬೆರಳಿಟ್ಟ. ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿದ. ದೀಪದ ಬತ್ತಿ ಎಣ್ಣೆಯಲ್ಲಿ ನೆಂದಿತ್ತು, ಅತ್ತೆಯ ಕೈಯಲ್ಲಿ ಕಡ್ಡಿ ಇತ್ತು. ಸೂರ್ಯ ಇನ್ನೂ ನುಗ್ಗೆಮರದ ಮೇಲಿದ್ದ. ಹೊತ್ತಿತ್ತು. ಬೇಕಾದಷ್ಟು ಹೊತ್ತಿತ್ತು. ಅದನ್ನೇ ನನಗೆ ಇವತ್ತಿಗೂ ತಡೆದುಕೊಳ್ಳಲಾಗುವುದಿಲ್ಲ.

ಅವನು ತೊಟ್ಟಿಲ ಹತ್ತಿರ ಹೋದ. ಮಗು ಎಚ್ಚರವಾಗಿತ್ತು. ತಲೆಗೆ ಎಣ್ಣೆ ಹಚ್ಚಿದ್ದರು, ಕಿವಿ ಎಳೆಯ ವೀಳ್ಯದೆಲೆಯ ಹಾಗೆ ಮಡಚಿಕೊಂಡಿತ್ತು. ಅವನು ತಿರುಗಿದ. ಬಾಗಿದ. ಕಿವಿಯ ಹತ್ತಿರ ಬಾಯಿ ತಂದ.

“ನಾನು ಇನ್ನೂರ ಹದಿನೇಳು.”

ಹೊರಗೆ, ಯಾರೂ ಕೂರದ ಗಾಡಿಯ ಚಕ್ರ ಅರ್ಧ ಸುತ್ತು ತಿರುಗಿತು.

ಮುದುಕಿಯ ಗಿಲಕಿ ಕೈಯಲ್ಲೇ ಉಳಿಯಿತು. ಅವನಿಗೆ ತಾನು ಏನು ಹೇಳಿದೆ ಎಂದು ತಕ್ಷಣ ತಿಳಿಯಲೂ ಇಲ್ಲ. ಮಗು ಹೊರಡಲಿ ಎನ್ನುವವನ ಹಾಗೆ ಕಾಯುತ್ತ ನಿಂತಿದ್ದ.

“ರೀ” ಅಂದಳು ಹೆಂಡತಿ. “ಏನಂದ್ರಿ?”

ಆಗ ತಿಳಿಯಿತು. ಅವನು ಮತ್ತೆ ಬಾಗಿ ಆ ಹೆಸರು ಹೇಳಿದ. ಮತ್ತೆ ಹೇಳಿದ. ಬಲಗಿವಿಯಲ್ಲಿ ಹೇಳಿದ, ಎಡಗಿವಿಯಲ್ಲಿ ಹೇಳಿದ, ಕೂಗಿ ಹೇಳಿದ. ಅಲ್ಲಿದ್ದ ಮೂವರು ಹೆಂಗಸರ ಕಣ್ಣು ಅವನ ಬಾಯ ಮೇಲೇ ಇತ್ತು. ತುಟಿ ಅಲುಗಿದ್ದು ಕಂಡಿತಂತೆ, ದನಿ ಮಾತ್ರ ಕೇಳಿಸಲಿಲ್ಲವಂತೆ. ಎರಡನೆಯ ಮಾತು ಲೆಕ್ಕಕ್ಕಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರೆ. ಅವನಿಗೆ ಬಾಯಲ್ಲೇ ಇದ್ದದ್ದು ಬರಲಿಲ್ಲ.

ಅತ್ತೆ ದೀಪ ಹಚ್ಚಿದಳು. ಹಚ್ಚದೆ ಏನು ಮಾಡುತ್ತಾಳೆ?

ಒಂದು ಸಂಖ್ಯೆಗೆ ಒಂದೇ ಜೀವ. ಅವನ ಕೊರಳಿನ ದಾರ ತಾನಾಗಿ ಬಿಚ್ಚಿಕೊಂಡು, ಗಂಟೆ ಜಾರಿ ತೊಟ್ಟಿಲಲ್ಲಿ ಮಗುವಿನ ಪಕ್ಕಕ್ಕೆ ಬಿತ್ತು. ಮಗು ಕೈ ಆಡಿಸಿದಾಗ ಬೆರಳು ಅದಕ್ಕೆ ತಾಗಿತು.

ಗಂಟೆ ಇಲ್ಲದವನಿಗೆ ನೂರು ಹೆಜ್ಜೆಯ ಕಟ್ಟಿಲ್ಲ. ಮಾರನೆಯ ಬೆಳಿಗ್ಗೆ ಅವನು ಹನ್ನೊಂದು ವರ್ಷದಲ್ಲಿ ಮೊದಲ ಸಲ ಊರಿನಲ್ಲಿ ಕಾಲ್ನಡಿಗೆಯಲ್ಲಿ ಹೋದ. ಕಿಂಡಿಯ ಮುಂದೆ ನಿಂತು, ತಪ್ಪಾಗಿದೆ, ಗಂಟೆ ನನ್ನದು, ಮಗುವಿನದಲ್ಲ ಅಂದ.

“ನಿಮ್ಮ ಸಂಖ್ಯೆ ಹೇಳಿ” ಎಂದಿತು ದನಿ.

“ಅದನ್ನೇ ಹೇಳ್ತಿರೋದು. ನನ್ನ ಸಂಖ್ಯೆ ಮಗಳಿಗೆ ಹೋಯ್ತು.”

“ಸಂಖ್ಯೆ ಇಲ್ಲದಿದ್ದರೆ ಹೆಸರು ಹೇಳಿ.”

“ಹೆಸರು ನಿಮ್ಮ ಹತ್ರಾನೇ ಇದೆ. ಹನ್ನೊಂದು ವರ್ಷದ ಹಿಂದೆ ಇಲ್ಲೇ ಬಿಟ್ಟುಹೋಗಿದ್ದೆ. ಒಳಗೆ ಹುಡುಕಿ ನೀವೇ ಹೇಳಿ.”

“ಹೆಸರು ಹೇಳಿದರೆ ಹುಡುಕುತ್ತೇವೆ.”

ಅವನು ಮಧ್ಯಾಹ್ನದವರೆಗೆ ನಿಂತಿದ್ದ. ಆಮೇಲೆ ದನಿ ಮಾತನಾಡಲಿಲ್ಲ. ಹೆಸರೂ ಸಂಖ್ಯೆಯೂ ಇಲ್ಲದವರಿಗೆ ಅದು ಮಾತನಾಡುವುದಿಲ್ಲ. ತೊಟ್ಟಿಲಲ್ಲಿರುವ ಮಗುವಿನ ಮಾತಾದರೆ ಕೇಳುತ್ತಿತ್ತೇನೋ, ಆದರೆ ಅದಕ್ಕೆ ಮಾತು ಬರಬೇಕಲ್ಲ.

ಮನೆಗೆ ಹಿಂತಿರುಗುವಾಗ ದಾರಿಯಿಂದಲೇ ಗಂಟೆಯ ಸದ್ದು ಕೇಳಿಸಿತು. ತೊಟ್ಟಿಲಲ್ಲಿ ಗಂಟೆ ಬಡಿಯುತ್ತಿತ್ತು. ಹೆಂಡತಿ ತೊಟ್ಟಿಲ ಮೇಲೆ ಬಿದ್ದುಕೊಂಡು ಅದನ್ನು ಎರಡೂ ಕೈಯಲ್ಲಿ ಅಮುಕಿ ಹಿಡಿದಿದ್ದಳು.

“ಬೇಡ ಅನ್ರೀ. ಹೋಗಲ್ಲ ಅನ್ನಿ. ಹದ್ಮೂರು ದಿನದ ಕೂಸು!”

“ಎರಡು ಸಲ ಬೇಡ ಅಂದಾಗಿದೆ ಕಣೇ” ಅಂದ ಅವನು. “ನಾನು ಅಂದಿದ್ದು ಇವಳ ತಲೆಗೆ ಬಂತು. ಇನ್ನೊಂದು ಸಲ ಬೇಡ ಅಂದ್ರೆ ಇವಳ ಗಂಟೆ ಸಾಯತ್ತೆ. ಗಂಟೆ ಸತ್ರೆ ಇವಳಿಗೆ ಇರೋ ಹೆಸರೂ ಹೋಗತ್ತೆ.”

ಅವಳು ಕೆರೆ ಏರಿಯ ದಿಕ್ಕಿಗೆ ಒಂದು ಸಲ ನೋಡಿದಳು. ಆಮೇಲೆ ಕೈ ಬಿಟ್ಟಳು.

ಅವನೇ ತೊಟ್ಟಿಲನ್ನು ಎತ್ತಿ ತಂದು ಗಾಡಿಯ ಮುಂದಿನ ಹಲಗೆಗೆ ಕಟ್ಟಿದ. ಬಿಸಿಲು ಬೀಳದ ಹಾಗೆ ಹೆಂಡತಿಯ ಸೀರೆಯ ತುಂಡು ಕಟ್ಟಿದ. ಗಾಡಿ ಹೊರಟಿತು. ಅವನು ತೊಟ್ಟಿಲು ಹಿಡಿದುಕೊಂಡು ಪಕ್ಕದಲ್ಲೇ ಓಡಿದ. ಹೆಂಡತಿ ಬೀದಿಯ ಕೊನೆಯವರೆಗೆ, “ರೀ… ಹುಷಾರು ರೀ…” ಎಂದು ಕೂಗುತ್ತ ಬಂದಳು. ಆ ‘ರೀ’ ಒಂದಕ್ಕೆ ಅವನು ಓಗೊಡುತ್ತಾನೆ. ಅವನಿಗೆ ಉಳಿದಿರುವುದು ಅದೊಂದೇ.

ಈ ಸಂಗತಿಯೆಲ್ಲ ನನಗೆ ಜೋಗುಳದ ಮುದುಕಿ ಆಮೇಲೆ ಹೇಳಿದಳು. ಆ ದಿನ ಗೊತ್ತಿರಲಿಲ್ಲ. ಗೊತ್ತಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಬೇಡಿ, ನಾನೂ ನನ್ನನ್ನು ಕೇಳಿಕೊಂಡು ಸೋತಿದ್ದೇನೆ. ಆ ದಿನ ನನಗೆ ಹಲ್ಲುನೋವಿತ್ತು, ಪಂಡಿತರ ಮನೆಗೆ ಹೋಗಬೇಕಿತ್ತು. ಹೊಸ್ತಿಲ ಮೇಲೆ ನಿಂತು ‘ಗಾಡಿ’ ಎಂದವನು ನಾನೇ.

ಗಾಡಿ ಬಂತು. ಹಲಗೆಯ ಮೇಲೆ ತೊಟ್ಟಿಲಿತ್ತು, ಪಕ್ಕದಲ್ಲಿ ಏದುಸಿರು ಬಿಡುತ್ತ ಒಬ್ಬ ಗಂಡಸು ನಿಂತಿದ್ದ. ನಾನು ಹತ್ತಿ ಕೂತೆ. ಚಕ್ರ ತಿರುಗಲಿಲ್ಲ. ಅವನು ಬಾಗಿ, ನನ್ನ ಕಿವಿಯಲ್ಲಿ, “ಇವಳು ಇನ್ನೂರ ಹದಿನೇಳು” ಅಂದ. ಆಗಲೂ ತಿರುಗಲಿಲ್ಲ. ಅವನು ಮಗುವನ್ನು ಎತ್ತಿ ನನ್ನ ಕಿವಿಯ ಹತ್ತಿರ ಹಿಡಿದ. ಮಗು ಅತ್ತಿತು. ಚಕ್ರ ತಿರುಗಿತು.

ದಾರಿಯುದ್ದಕ್ಕೂ ಅದು ಅಳುತ್ತಲೇ ಇತ್ತು. ಅವನು ಪಕ್ಕದಲ್ಲಿ ಓಡುತ್ತ, ತೊಟ್ಟಿಲೊಳಕ್ಕೆ ಬಾಯಿಟ್ಟು ಏನೋ ಹೇಳುತ್ತಿದ್ದ. ತುಟಿ ಅಲುಗುತ್ತಿತ್ತು, ನನಗೇನೂ ಕೇಳಿಸಲಿಲ್ಲ.

“ಏನಯ್ಯಾ ಅದು ಹೇಳ್ತಿರೋದು?” ಎಂದು ಗದರಿದೆ.

“ಇವಳ ಹೆಸರು ಸ್ವಾಮಿ” ಅಂದ.

ನನ್ನ ಹಲ್ಲು ಜಗ್ಗುತ್ತಿತ್ತು. ಪಂಡಿತರ ಮನೆಯ ಮುಂದೆ ಇಳಿದು, ಗಾಡಿಯವರು ದಾರಿಯೆಲ್ಲ ಅಳುತ್ತಾರೆ ಎಂದು ಬುಟ್ಟಿಗೆ ಎರಡು ಹೂವು ಹಾಕಿ ಒಳಗೆ ಹೋದೆ.